ಮಸ್ಕಿಯಲ್ಲಿ ಒಮ್ಮೆ ಇಳಿಯಿರಿ

1979ರಿಂದ ಆರು ವರ್ಷ ನಾನು ಸಿಂಧನೂರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿಯ ತವರು ಲಿಂಗಸುಗೂರು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಕೂಸನ್ನು ಎತ್ತಿಕೊಂಡು ಬಸ್ ಹತ್ತುತ್ತಿದ್ದೆವು. ನಡುದಾರಿಯಲ್ಲಿ ಮಸ್ಕಿ. ಬಸ್ ನಿಂತಾಗ ಕಿಟಕಿಯಲ್ಲಿ ಬಂಡೆಗುಡ್ಡ ಕಾಣುತ್ತಿತ್ತು. "ಅಶೋಕನ ಕಲ್ಲು ಇಲ್ಲೇ ಐತಂತ, ಇಳದು ನೋಡೂಣು" ಎಂದು ಆಕೆ ಎಷ್ಟು ಸಲ ಹೇಳಿದ್ದಳೋ. ನನ್ನದು ಒಂದೇ ಉತ್ತರ, "ಮುಂದಿನ ವಾರ". ಆಮೇಲೆ ವರ್ಗವಾಯಿತು. ಆಕೆ ತೀರಿಕೊಂಡು ಈಗ ನಾಲ್ಕು ವರ್ಷ.

ಹೋದ ಚಳಿಗಾಲದಲ್ಲಿ ಆರನೇ ಇಯತ್ತೆಯ ಮೊಮ್ಮಗಳು ಪಾಠಪುಸ್ತಕ ಹಿಡಿದುಕೊಂಡು ಬಂದಳು. "ಅಜ್ಜಾ, ಮಸ್ಕಿ ಶಾಸನ ಅಂದ್ರ ನೀವು ಇದ್ದ ಕಡೇನ ಅಲ್ಲೇನು? ಹ್ಯಾಂಗದ ಅದು?" ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರವೇ ಇಬ್ಬರೂ ಹೊರಟೆವು. ನನ್ನಂಥ ಅಜ್ಜ-ಅಜ್ಜಿಯರಿಗೆ ಉಪಯೋಗವಾದೀತೆಂದು ಆ ಪ್ರಯಾಣದ ವಿವರ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಸಿಂಧನೂರಿಗೆ ರೈಲು ಎಂದರೆ ನಗುತ್ತಿದ್ದರು. 2024ರಿಂದ ಹುಬ್ಬಳ್ಳಿ ಕಡೆಯಿಂದ ಕೊಪ್ಪಳ, ಗಂಗಾವತಿ, ಕಾರಟಗಿ ದಾಟಿ ರೈಲು ಬರುತ್ತಿದೆ. ದಿನಕ್ಕೆ ಹೆಚ್ಚು ಗಾಡಿಗಳಿಲ್ಲ, ವೇಳೆ ಕೇಳಿಕೊಂಡೇ ಹೊರಡಿ. ಬಳ್ಳಾರಿ ಕಡೆಯವರಿಗೆ ಸಿರುಗುಪ್ಪದ ಮೇಲೆ ಹೆದ್ದಾರಿ ಇದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಅದೇ ರಸ್ತೆಯ ಮೇಲೆ ಒಂದರ ಹಿಂದೊಂದು ಬರುತ್ತವೆ. ಹೀಗಾಗಿ ಕಾರು ಬೇಕೆಂದೇನಿಲ್ಲ, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಲ್ಲೇ ಎಲ್ಲ ನೋಡಬಹುದು. ಅಜ್ಜಿಯರು ಆಧಾರ್ ಕಾರ್ಡ್ ಮರೆಯಬೇಡಿ. ಅದಿದ್ದರೆ ನಿಮಗೆ ಟಿಕೆಟ್ ಹಣವಿಲ್ಲ, ನಮಗೆ ಮಾತ್ರ ಇದೆ! ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿಬನ್ನಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆ ಕಾದ ಹಂಚಾಗಿರುತ್ತದೆ.

ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುತ್ತದೆ. ಎತ್ತ ನೋಡಿದರೂ ಭತ್ತದ ಗದ್ದೆ, ಅಕ್ಕಿ ಗಿರಣಿ. ಹಲವು ಊರಿನ ಹೆಸರಿನ ಕೊನೆಗೆ 'ಕ್ಯಾಂಪ್' ಎಂದಿರುವುದನ್ನು ಮಕ್ಕಳಿಗೆ ತೋರಿಸಿ. ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಊರುಗಳು ಕೆಲವು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳ ಆರ್.ಎಚ್. ಕ್ಯಾಂಪುಗಳು ಬೇರೆ. ನನ್ನ ಕೌಂಟರಿನಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಲಿಪಿಯ ಸಹಿ ಬೀಳುತ್ತಿದ್ದವು. ಬೆಳಗ್ಗೆ ಒಗ್ಗರಣೆ, ಮಿರ್ಚಿ ತಿನ್ನದೆ ಸಿಂಧನೂರು ಬಿಡಬೇಡಿ. ಮಧ್ಯಾಹ್ನ ಯಾವ ಖಾನಾವಳಿಗೆ ಹೋದರೂ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಸಿಗುತ್ತವೆ. ಖಾರ ಕಡಿಮೆ ಮಾಡಿ ಎಂದು ಮೊದಲೇ ಹೇಳಿಬಿಡಿ. ಹೇಳಿದರೂ ಖಾರವೇ!

ಮಸ್ಕಿಗೆ ಹತ್ತು ಗಂಟೆಯೊಳಗೆ ತಲುಪಿದೆವು. ಅಶೋಕನ ಕಲ್ಲು ಎಂದು ಕೇಳಿದರೆ ದಾರಿ ಹೇಳುತ್ತಾರೆ. ಗುಡ್ಡದಲ್ಲಿ ಒಂದರ ಮೇಲೊಂದು ಹೇರಿದಂಥ ಬಂಡೆಗಳು. ನೀರಿನ ಬಾಟಲಿ, ಟೊಪ್ಪಿಗೆ, ಹಿಡಿತ ಇರುವ ಚಪ್ಪಲಿ ಬೇಕು. ನನ್ನ ಮೊಣಕಾಲಿಗಾಗಿ ಎರಡು ಕಡೆ ಕೂತೆ. ಮೊಮ್ಮಗಳು ಗೊಣಗಲಿಲ್ಲ.

ಶಾಸನ ಇರುವುದು ಎಂಟೇ ಸಾಲು. ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ, ವಯಸ್ಸು ಸುಮಾರು 2250 ವರ್ಷ. ಕಣ್ಣು ಹೊಂದಿಕೊಳ್ಳುವವರೆಗೆ ನಿಂತೇ ನೋಡಬೇಕು. ಮುಟ್ಟಬೇಡಿ, ಸೀಮೆಸುಣ್ಣ ಹಚ್ಚಬೇಡಿ. ಇದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಮಕ್ಕಳೇ, ಈ ಕಲ್ಲಿನ ಹೆಚ್ಚುಗಾರಿಕೆ ಏನು ಗೊತ್ತೇ? ಜೇಮ್ಸ್ ಪ್ರಿನ್ಸೆಪ್ ಎಂಬಾತ 1837ರಲ್ಲಿ ಬ್ರಾಹ್ಮಿ ಲಿಪಿ ಓದಿದ. ದೇಶದ ಉದ್ದಗಲಕ್ಕೂ ಒಬ್ಬನೇ ರಾಜನ ಮಾತುಗಳು, ಆದರೆ ಎಲ್ಲೆಲ್ಲೂ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳೇ. ಅವನೇ ಅಶೋಕನಿರಬೇಕೆಂದು ಸಿಂಹಳದ ಹಳೆಯ ಗ್ರಂಥಗಳಿಂದ ವಿದ್ವಾಂಸರು ತರ್ಕಿಸಿದ್ದರು. ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ ಖಾತೆ ಇದೆ, ಖಾತೆದಾರನ ಹೆಸರಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಈ ಶಾಸನ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅದರಲ್ಲಿ ಬಿರುದಿನ ಜೊತೆಗೇ 'ಅಸೋಕ' ಎಂದು ಇತ್ತು! ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಗಳಲ್ಲೂ ಹೆಸರು ಸಿಕ್ಕಿತು. ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬ ಅರ್ಥದ ಮಾತೂ ಆ ಎಂಟು ಸಾಲಿನಲ್ಲಿದೆ.

ಮೊಮ್ಮಗಳು ಬ್ರಾಹ್ಮಿ ಅಕ್ಷರಗಳ ಪಟ್ಟಿ ಬರೆದುಕೊಂಡು ಬಂದಿದ್ದಳು. ಅ, ಸೋ, ಕ. "ಅಜ್ಜಾ, ಕ ಅಂದ್ರ ಬರೇ ಕೂಡಿಸೋ ಚಿಹ್ನಿ!" ಎಂದು ಕುಣಿದಳು. ಮೂವತ್ತೈದು ವರ್ಷ ಆ ಚಿಹ್ನೆಯನ್ನೇ ಬರೆದವನು ನಾನು, ಅದು ಅಕ್ಷರವೂ ಹೌದೆಂದು ಗೊತ್ತಿರಲಿಲ್ಲ. ಆಕೆ ಇದ್ದಿದ್ದರೆ ಎಷ್ಟು ನಗುತ್ತಿದ್ದಳೋ. ಬಂಡೆಯ ನೆರಳಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ರಾತ್ರಿ ಉಳಿಯಲು ಸಿಂಧನೂರು, ಲಿಂಗಸುಗೂರು ಎರಡರಲ್ಲೂ ಸಾಧಾರಣ ಲಾಡ್ಜುಗಳಿವೆ. ನಾವು ಲಿಂಗಸುಗೂರಿನಲ್ಲಿ ಉಳಿದೆವು. ಒಂದು ಕಾಲಕ್ಕೆ ಬ್ರಿಟಿಷರ ದಂಡಿನ ಊರು ಅದು. ಹಟ್ಟಿ ಚಿನ್ನದ ಗಣಿ ಇದೇ ತಾಲ್ಲೂಕಿನಲ್ಲಿದೆ. ಆದರೆ ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ, ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಕೃಷ್ಣಾ ನದಿಯ ನಡುಗಡ್ಡೆಯ ಜಲದುರ್ಗಕ್ಕೆ ಬಸ್ ನಂಬಿ ಹೋಗುವುದು ಕಷ್ಟ, ಗಾಡಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಹೊಳೆ ಹತ್ತಿರ ಹುಷಾರು.

ಮುದಗಲ್ಲಿಗೆ ಬಸ್ ಧಾರಾಳ. ಬಹಮನಿಗಳೂ ವಿಜಯನಗರದವರೂ ಬಡಿದಾಡಿದ ಕೋಟೆ, ಸುತ್ತ ನೀರು ತುಂಬಿದ ಕಂದಕ. ಅಲ್ಲಿನ ಮೊಹರಂಗೆ ಹಿಂದೂ, ಮುಸ್ಲಿಮರೆನ್ನದೆ ಜನ ಸೇರುತ್ತಾರೆ, ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ. ಕೋಟೆಗೆ ಯಾವಾಗ ಹೋಗುವುದೆಂದು ರಾತ್ರಿ ಮಲಗುವಾಗ ಮೊಮ್ಮಗಳು ಕೇಳಿದಳು.

"ನಾಳೆ ಬೆಳಗ್ಗೆ, ಮೊದಲ ಬಸ್ಸಿಗೇ" ಎಂದೆ.