ಕಡಿದ ಮಳೆಮರಕ್ಕೆ ಬೀದಿಯೆಲ್ಲ ಸಾಕ್ಷಿ

ಮೈಸೂರಲ್ಲಿ ದಸರಾ ಬಂತೆಂದರೆ ಮನೆಮನೆಯಲ್ಲೂ ಬೊಂಬೆ ಕೂರಿಸುತ್ತಾರೆ. ಪಟ್ಟದ ಬೊಂಬೆ ಮೇಲಿನ ಮೆಟ್ಟಿಲಿಗೆ. ಶೆಟ್ಟಿ ಬೊಂಬೆ ತನ್ನ ಅಂಗಡಿ ಸಾಮಾನು ಹರಡಿಕೊಂಡು ಕೆಳಗೆ. ಮೆಟ್ಟಿಲ ಮುಂದಿನ ನೆಲ ಮಕ್ಕಳ ರಾಜ್ಯ. ಅಲ್ಲಿ ಪಾರ್ಕು, ಮೃಗಾಲಯ, ರಾಗಿ ಚೆಲ್ಲಿ ಬೆಳೆಸಿದ ಹಸಿರು ಗದ್ದೆ. ನಮ್ಮ ಎದುರುಮನೆಯಲ್ಲಿ ಮಾತ್ರ ಆ ಜಾಗದಲ್ಲಿ ರೈಲು ಓಡುತ್ತದೆ.

ಕೀಲಿ ಕೊಡುವ ಆಟಿಕೆ ರೈಲಲ್ಲ ಸ್ವಾಮಿ. ಎದುರುಮನೆ ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿ ಸವೆದು ನಿವೃತ್ತರಾದವರು. ಅವರ ರೈಲು ಲೆಕ್ಕದ ರೈಲು. ನಿಜವಾದ ವಸ್ತು 87 ಇಂಚು ಇದ್ದರೆ ಇಲ್ಲಿ 1 ಇಂಚು. ಇದಕ್ಕೆ ಎಚ್‌ಓ ಅಳತೆ ಎನ್ನುತ್ತಾರೆ. ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರ್. ಪ್ಲೈವುಡ್ ಹಲಗೆಯ ಮೇಲೆ ಸ್ಟೇಷನ್ನು, ಸಿಗ್ನಲ್ಲು, ಹೊರಗೆ ಒಂದು ಬೀದಿ, ಬೀದಿಯಲ್ಲಿ ಬಸ್ ಸ್ಟಾಪು. ಆ ಬೀದಿ ನಮ್ಮದೇ. ಮೆಡಿಕಲ್ ಸ್ಟೋರು, ಸೈಕಲ್ ಶಾಪು, ಟೀ ಅಂಗಡಿ ಎಲ್ಲ ಇದ್ದ ಹಾಗೇ ಇವೆ.

ಕಳೆದ ದಸರಾಕ್ಕೆ ಮುಂಚೆ ಆರನೇ ಕ್ಲಾಸಿನ ಮೊಮ್ಮಗಳು ಅದನ್ನೆಲ್ಲ ನೋಡಿ ಒಂದೇ ಮಾತು ಕೇಳಿದಳು. "ತಾತ, ಬಸ್ ಸ್ಟಾಪ್ ಮರ ಎಲ್ಲಿ?"

ಮರ ಎಲ್ಲಿದೆ? ರಸ್ತೆ ಅಗಲವಾಗುವಾಗ ಹೋಯಿತು. ಯಾರು ಕಡಿಸಿದರು, ಕಡಿಸಬೇಕಿತ್ತೋ ಬೇಡವೋ ಎಂಬ ಜಗಳ ಆಗಲೇ ಆಡಿ ಮುಗಿದಿದೆ. ಇಲ್ಲಿ ಅದು ಬೇಡ. ಆದರೆ ಮಗು ಕೇಳಿದ್ದು ನ್ಯಾಯ. ಆ ಮಳೆಮರದ ಕೆಳಗೆ ನಿಂತೇ ಅವಳು ಸ್ಕೂಲ್ ಬಸ್ಸು ಹತ್ತಿದ್ದು.

ಯಜಮಾನರು ನನ್ನ ಕಡೆ ತಿರುಗಿದರು. "ನೀವು ಪತ್ರಿಕೆಯವರು. ಇಪ್ಪತ್ತು ವರ್ಷ ಅದರ ಕೆಳಗೇ ನಿಂತಿದ್ರಿ. ಮೊದಲನೇ ಕೊಂಬೆ ಯಾವ ಕಡೆಗಿತ್ತು, ಹೇಳಿ ನೋಡೋಣ."

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಎಡಕ್ಕೋ ಬಲಕ್ಕೋ, ಗೊತ್ತಿಲ್ಲ! ಊರಿನ ಸಮಾಚಾರವೆಲ್ಲ ನನ್ನ ಕಿಸೆಯಲ್ಲಿದೆ ಎಂದು ಬೀಗುವ ಮನುಷ್ಯ ನಾನು.

ಬೆರಳುದ್ದದ ಮರ ಯಾಕೆ ಸುಳ್ಳು

"ಅಂಗಡಿಯಲ್ಲಿ ಪ್ಲಾಸ್ಟಿಕ್ ಮರ ಸಿಗ್ತದಲ್ಲ ಸಾರ್, ಒಂದು ನೆಟ್ಟರೆ ಆಯ್ತು" ಎಂದೆ, ತಪ್ಪಿಸಿಕೊಳ್ಳಲು.

ಯಜಮಾನರು ಡಬ್ಬಿಯಿಂದ ಅಂಥದ್ದೊಂದನ್ನು ತೆಗೆದು ರೈಲು ಡಬ್ಬಿಯ ಪಕ್ಕ ನಿಲ್ಲಿಸಿದರು. ಏಳು ಸೆಂಟಿಮೀಟರ್ ಎತ್ತರ. "87ರಿಂದ ಗುಣಿಸಿ" ಎಂದರು. ಆರು ಮೀಟರ್ ಚಿಲ್ಲರೆ. ಅಂದರೆ ಹಿತ್ತಲಿನ ಸೀಬೆ ಗಿಡಕ್ಕಿಂತ ಸ್ವಲ್ಪ ದೊಡ್ಡದು. ಬೆಳೆದು ನಿಂತ ಮಳೆಮರ 15ರಿಂದ 25 ಮೀಟರ್ ಹೋಗುತ್ತದೆ. ಈ ಅಳತೆಯಲ್ಲಿ 17ರಿಂದ 29 ಸೆಂಟಿಮೀಟರ್. ರೈಲು ಡಬ್ಬಿಯ ಎತ್ತರವೋ ನಾಲ್ಕೂವರೆ ಸೆಂಟಿಮೀಟರಿನ ಆಸುಪಾಸು. ಮರ ಅದರ ನಾಲ್ಕರಷ್ಟು ಎದ್ದು ನಿಲ್ಲಬೇಕು. ಮಾದರಿ ರೈಲು ಮಾಡುವವರು ಮೊದಲು ಎಡವುವುದೇ ಇಲ್ಲಿ. ರೈಲಿಗೆ ಕೂದಲೆಳೆಯ ಲೆಕ್ಕ, ಮರಕ್ಕೆ ಕಣ್ಣಂದಾಜು. ಕೊನೆಗೆ ಇಡೀ ಊರು ಕೊತ್ತಂಬರಿ ಸೊಪ್ಪಿನ ಮಡಿಯಂತೆ ಕಾಣುತ್ತದೆ.

"ಮರ ಅಂದ್ರೆ ಹಸಿರು ಉಂಡೆ ಅಲ್ಲ ರೀ. ಹೊಂಗೆ ಬೇರೆ, ಬೇವು ಬೇರೆ, ಅಶ್ವತ್ಥ ಬೇರೆ. ಮಳೆಮರ ಛತ್ರಿ ಇದ್ದ ಹಾಗೆ, ಎತ್ತರಕ್ಕಿಂತ ಅಗಲ ಹೆಚ್ಚು. ಅಳತೆ ಇಲ್ದೆ ನಾನು ಕೈ ಹಾಕಲ್ಲ" ಎಂದುಬಿಟ್ಟರು.

ಅಳತೆ ಎಲ್ಲಿಂದ ತರುವುದು? ಮರವೇ ಇಲ್ಲವಲ್ಲ. ನಾನು ನೋಟ್‌ಬುಕ್ ಹಿಡಿದು ಬೀದಿಗಿಳಿದೆ. ಕಳ್ಳತನದ ಸುದ್ದಿಗೆ ಸಾಕ್ಷಿ ಕೇಳುವಂತೆ ಅಂಗಡಿ ಅಂಗಡಿಗೆ ಹೋದೆ.

ಸಾಕ್ಷಿಗಳ ಹೇಳಿಕೆ

ಮೊದಲ ಸಾಕ್ಷಿ ಹೂವಮ್ಮ. ಮರದ ಬುಡದಲ್ಲೇ ಬುಟ್ಟಿ ಇಡುತ್ತಿದ್ದಾಕೆ. "ಮೊದಲನೇ ಕೊಂಬೆ ರಸ್ತೆ ಕಡೀಗೆ ಇತ್ತಪ್ಪ. ಬೇಸಿಗೇಲಿ ಹನ್ನೆರಡು ಗಂಟೆಗೂ ನನ್ನ ಹೂವು ಬಾಡ್ತಿರಲಿಲ್ಲ. ಈಗ ಹತ್ತಕ್ಕೇ ಒದ್ದೆ ಬಟ್ಟೆ ಹಾಕ್ಬೇಕು" ಎಂದಳು.

ಕೊಂಬೆ ಎಷ್ಟು ಎತ್ತರದಲ್ಲಿತ್ತು? ಅದನ್ನು ಹೇಳಿದವರು ಸಿಟಿ ಬಸ್ಸಿನ ಡ್ರೈವರು. "ಸ್ಟಾಪಿಗೆ ಬಸ್ಸು ತಂದ್ರೆ ಟಾಪಿಗೆ ಸರ್ರಂತ ಎಲೆ ಸವರ್ತಿತ್ತು ಸಾರ್. ಕೊಂಬೆ ತಾಗ್ತಿರಲಿಲ್ಲ." ಬಸ್ಸಿನ ಟಾಪು ಮೂರು ಮೀಟರಿನ ಮೇಲೆ. ಕೊಂಬೆ ಮೂರೂವರೆ ಎಂದು ಬರೆದುಕೊಂಡೆ. ಮಾದರಿಯಲ್ಲಿ ನಾಲ್ಕು ಸೆಂಟಿಮೀಟರ್.

ಬುಡದ ದಪ್ಪಕ್ಕೆ ಸೈಕಲ್ ಶಾಪಿನವರು. ಮರಕ್ಕೆ ಮೊಳೆ ಹೊಡೆದು ಟೈರು ನೇತುಹಾಕುತ್ತಿದ್ದವರು ಅವರೇ. ಅದನ್ನು ಹೇಳುವಾಗ ಸ್ವಲ್ಪ ತಲೆ ತಗ್ಗಿಸಿದರು. "ಚಿಕ್ಕೋರಿದ್ದಾಗ ನಾನೂ ನಮ್ಮಣ್ಣನೂ ಎದುರುಬದುರು ನಿಂತು ತಬ್ಬಿಕೊಂಡ್ರೂ ಕೈಗೆ ಕೈ ಸಿಗ್ತಿರಲಿಲ್ಲ. ದೊಡ್ಡೋರಾದ ಮೇಲೆ ಬೆರಳ ತುದಿ ಸಿಗ್ತಿತ್ತು." ಇಬ್ಬರು ದೊಡ್ಡವರ ತೋಳಳತೆ ಮೂರು ಮೀಟರಿನ ಮೇಲೆ. ಸುತ್ತಳತೆ ಅಷ್ಟಿದ್ದರೆ ಅಡ್ಡಳತೆ ಸುಮಾರು ಒಂದು ಮೀಟರ್. ಮಾದರಿಯಲ್ಲಿ ಹನ್ನೆರಡು ಮಿಲಿಮೀಟರ್, ಅಂದರೆ ಕಿರುಬೆರಳಿನ ದಪ್ಪ.

ನೆರಳು ಎಲ್ಲಿಂದ ಎಲ್ಲಿಗೆ? ಇದಕ್ಕೆ ಮಾತ್ರ ಬೀದಿಯಲ್ಲಿ ಒಂದೇ ಉತ್ತರ. ಮೆಡಿಕಲ್ ಸ್ಟೋರಿನ ಮೆಟ್ಟಿಲಿನಿಂದ ಟೀ ಅಂಗಡಿಯ ಬೆಂಚಿನ ತನಕ. ಹೆಜ್ಜೆ ಹಾಕಿದೆ, ಇಪ್ಪತ್ತಾರು. ಹತ್ತಿರ ಹತ್ತಿರ ಇಪ್ಪತ್ತು ಮೀಟರ್. ಎತ್ತರಕ್ಕೆ ಟೀ ಅಂಗಡಿಯವರ ಮದುವೆ ಮೆರವಣಿಗೆಯ ಫೋಟೋ ಸಿಕ್ಕಿತು. ಹಿಂದೆ ಮೂರಂತಸ್ತಿನ ಕಟ್ಟಡ, ಅದರ ಮೇಲೆ ಅರ್ಧದಷ್ಟು ಎದ್ದ ಮರ. ಅಂತಸ್ತಿಗೆ ಹತ್ತು ಹನ್ನೊಂದಡಿ ಹಿಡಿದರೆ ಮರ ಹದಿನೈದು ಮೀಟರ್.

ಒಬ್ಬರಿಗೂ ಇಡೀ ಮರ ಗೊತ್ತಿರಲಿಲ್ಲ. ತಮ್ಮ ತಮ್ಮ ಕೆಲಸಕ್ಕೆ ಬೇಕಾದಷ್ಟು ಮರ ಮಾತ್ರ ಗೊತ್ತಿತ್ತು. ಎಲ್ಲರ ಚೂರುಗಳನ್ನು ಕೂಡಿಸಿದಾಗ ಕಾಗದದ ಮೇಲೆ ಮರ ಎದ್ದಿತು. 17 ಸೆಂಟಿಮೀಟರ್ ಎತ್ತರ, 22 ಸೆಂಟಿಮೀಟರ್ ಅಗಲ.

ತಂತಿ, ಹೊಟ್ಟು, ಹಾಸಿಗೆ ನಾರು

ಇನ್ನು ಮರ ಮಾಡುವ ವಿದ್ಯೆ. ಮನೆಯಲ್ಲಿ ಮಕ್ಕಳಿದ್ದವರು ಗಮನ ಕೊಟ್ಟು ಓದಿ, ಖರ್ಚು ಕಡಿಮೆ.

ಎಲೆಕ್ಟ್ರಿಕಲ್ ಅಂಗಡಿಯಿಂದ ಹಳೇ ವೈರಿನ ತುಂಡು ತಂದರು. ಮೇಲಿನ ರಬ್ಬರು ಸುಲಿದರೆ ಒಳಗೆ ಸಣ್ಣ ತಾಮ್ರದ ಎಳೆಗಳು. ಒಂದಡಿ ಉದ್ದದ ಅರುವತ್ತು ಎಳೆ ಸೇರಿಸಿ, ಕೆಳತುದಿ ಬಿಡಿಸಿ ಬೇರು ಮಾಡಿ, ಅದರ ಮೇಲಕ್ಕೆ ಹಗ್ಗದಂತೆ ಹೊಸೆದು ಬೊಡ್ಡೆ ಮಾಡಿದರು. ನಾಲ್ಕು ಸೆಂಟಿಮೀಟರ್ ಬಂದ ಕೂಡಲೇ ಹನ್ನೆರಡು ಎಳೆ ರಸ್ತೆ ಕಡೆಗೆ ಬೇರೆಯಾದವು. ಅದೇ ಹೂವಮ್ಮನ ಕೊಂಬೆ. ಉಳಿದದ್ದನ್ನು ಪಾಲು ಮಾಡಿ ಹೊಸೆದು, ಮತ್ತೆ ಪಾಲು ಮಾಡಿ, ತುದಿಗೆ ಎರಡೆರಡೇ ಎಳೆ ಉಳಿಯುವ ತನಕ ಹೋದರು.

ಇದರಲ್ಲೊಂದು ಸೊಗಸಿದೆ. ಕೊಂಬೆಗಳ ದಪ್ಪವನ್ನೆಲ್ಲ ಕೂಡಿಸಿದರೆ ಬೊಡ್ಡೆಯ ದಪ್ಪಕ್ಕೆ ಸರಿಹೋಗುತ್ತದೆ ಎಂದು ಇಟಲಿಯ ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷದ ಹಿಂದೆಯೇ ಮರ ನೋಡಿ ಬರೆದಿಟ್ಟಿದ್ದ. ತಂತಿ ಮರದಲ್ಲಿ ಆ ಲೆಕ್ಕ ತಾನಾಗಿ ಬರುತ್ತದೆ. ಬುಡದಲ್ಲಿ ಅರುವತ್ತು ಎಳೆಯಿದ್ದರೆ ತುದಿಗಳಲ್ಲೂ ಅದೇ ಅರುವತ್ತು. ಅದಕ್ಕೇ ಎಲೆ ಬರುವ ಮೊದಲೇ ಅದು ಮರದಂತೆ ಕಾಣುತ್ತದೆ.

ಆಮೇಲೆ ತೊಗಟೆ. ಫೆವಿಕಾಲಿಗೆ ಸಣ್ಣಗೆ ಜರಡಿ ಹಿಡಿದ ಮರದ ಹೊಟ್ಟು ಕಲಸಿ ಬಳಿಯಬೇಕು. ಒಂದೇ ಸಲ ಮೆತ್ತಿದರೆ ಬಿರುಕು ಬಿಡುತ್ತದೆ. ಒಣಗಿಸಿ ಒಣಗಿಸಿ ಮೂರು ಸಲ ಬಳಿದಾಗ ಬೊಡ್ಡೆ ಕಿರುಬೆರಳಿನ ದಪ್ಪಕ್ಕೆ ಬಂತು. ನಾನು ಕಾಫಿಪುಡಿ ಬಣ್ಣ ಕಲಸಿಕೊಟ್ಟೆ. ಯಜಮಾನರು ನನ್ನನ್ನು ಬಾಗಿಲಿಗೆ ಕರೆದೊಯ್ದು ಕಾಂಪೌಂಡಿನ ಮರ ತೋರಿಸಿದರು. ಕಾಫಿಯಲ್ಲ, ಬೂದಿ! ಮರದ ಬೊಡ್ಡೆ ಕಂದು ಎಂದು ಸ್ಕೂಲಿನ ಡ್ರಾಯಿಂಗ್ ಪುಸ್ತಕ ಕಲಿಸಿದ್ದನ್ನೇ ಇಷ್ಟು ವರ್ಷ ನಂಬಿಕೊಂಡಿದ್ದೆ.

ಎಲೆಗೆ ಪರದೇಶದಲ್ಲಿ ಹಳೇ ಸೋಫಾದೊಳಗಿನ ಕುದುರೆ ಕೂದಲಿನ ಪದರ ಬಳಸುತ್ತಿದ್ದರಂತೆ. ನಮ್ಮಲ್ಲಿ ಅದಕ್ಕೇನು ಬರ? ಹಾಸಿಗೆ ಅಂಗಡಿಯ ಮೂಲೆಯಲ್ಲಿ ರಬ್ಬರು ಹಾಕಿದ ತೆಂಗಿನ ನಾರಿನ ಚೂರು ಬಿದ್ದಿತ್ತು, ಪುಕ್ಕಟೆ ಸಿಕ್ಕಿತು. ಅದನ್ನು ಜೇಡರ ಬಲೆಯಷ್ಟು ತೆಳ್ಳಗೆ ಎಳೆದು ಬಣ್ಣ ಹೊಡೆದು ಕೊಂಬೆಗಳ ತುದಿಗೆ ಅಂಟಿಸಿದರು. ಅದರ ಮೇಲೆ ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿ ಪುಡಿ ಮಾಡಿದ ಫೋಮಿನ ಚೂರು ಉದುರಿಸಿ, ನೀರು ಫೆವಿಕಾಲು ಸಿಂಪಡಿಸಿದರು. (ಫೋಮು ಪುಡಿ ಮಾಡಲು ಮನೆಯ ಮಿಕ್ಸಿ ಮುಟ್ಟಬೇಡಿ. ಯಜಮಾನರ ಮನೆಯಲ್ಲಿ ಅದಕ್ಕೊಂದು ಹಳೇ ಜಾರು ಬೇರೆಯೇ ಇದೆ, ಮೊದಲು ಇರಲಿಲ್ಲ.) ಹಸಿರು ಒಂದೇ ಆದರೆ ಪ್ಲಾಸ್ಟಿಕ್ ಕಳೆ ಬರುತ್ತದೆ. ಕೆಳಗೆ ಕಡು, ನಡುವೆ ಮಧ್ಯಮ, ನೆತ್ತಿಗೆ ಬಿಸಿಲು ಬಿದ್ದ ಹಾಗೆ ಸ್ವಲ್ಪ ಹಳದಿ ಬೆರೆತದ್ದು. ಎಲೆಯ ನಡುವೆ ಆಕಾಶ ಕಾಣುವಂತೆ ಸಂದು ಬಿಡಬೇಕು. ಬುಡದ ತರಗೆಲೆಗೆ ಟೀ ಅಂಗಡಿಯ ಚರಟವನ್ನು ಗರಿಗರಿಯಾಗಿ ಒಣಗಿಸಿ ಉದುರಿಸಿದರು. ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ.

ಸತ್ತ ಮರ ನೆನಪಿಟ್ಟ ಊರು

ಕೆಲಸವಿಲ್ಲದ ಮುದುಕರ ಹುಚ್ಚು ಎಂದು ನಗಬೇಡಿ. ಇಂಥದೇ ಹುಚ್ಚಿನಿಂದ ಇಂಗ್ಲೆಂಡಿನಲ್ಲಿ ಒಂದು ಮ್ಯೂಸಿಯಮ್ಮೇ ಹುಟ್ಟಿದೆ, ಯಜಮಾನರು ಹೇಳಿದ ಕಥೆ. ರಾಯ್ ಇಂಗ್ಲೆಂಡ್ ಎಂಬಾತ 1925ರಲ್ಲಿ ಆಸ್ಟ್ರೇಲಿಯಾದಿಂದ ಅಲ್ಲಿಗೆ ಬಂದ. ರೈಲಿನ ಹುಚ್ಚ. ವೈಟ್ ಹಾರ್ಸ್ ಕಣಿವೆಯ ಹುಲ್ಲು ಹೊದಿಸಿದ ಹಳೆಯ ಮನೆಗಳು ಒಂದೊಂದಾಗಿ ರೂಪ ಕೆಡುವುದನ್ನು ನೋಡಿದ. ಇರುವಾಗಲೇ ಅಳೆದು, ಬರೆದು, ಚಿಕ್ಕದಾಗಿ ಮಾಡಿಡೋಣ ಎಂದು ಹೊರಟ. 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪೆಂಡನ್ ಮ್ಯೂಸಿಯಂ ಶುರುವಾಯಿತು. 1920 ಮತ್ತು 30ರ ದಶಕದ ಆ ಕಣಿವೆಯನ್ನು ಸ್ವಯಂಸೇವಕರು ದಶಕಗಟ್ಟಲೆ ಕೂತು 76ಕ್ಕೆ 1ರ ಅಳತೆಯಲ್ಲಿ ಕಟ್ಟುತ್ತ ಬಂದರು. ಮನೆ, ಬೇಲಿ, ತರಕಾರಿ ಮಡಿ, ಮರ, ಎಲ್ಲ.

ಆ ಕಾಲದ ದಕ್ಷಿಣ ಇಂಗ್ಲೆಂಡಿನ ಬೇಲಿಸಾಲುಗಳಲ್ಲಿ ಎತ್ತರದ ಮರವೆಂದರೆ ಎಲ್ಮ್. 1960ರ ದಶಕದ ಕೊನೆಯಲ್ಲಿ ಉತ್ತರ ಅಮೆರಿಕದಿಂದ ಬಂದ ದಿಮ್ಮಿಗಳ ಜೊತೆ ಒಂದು ಶಿಲೀಂಧ್ರ ರೋಗ ಬಂತು, ತೊಗಟೆ ಕೊರೆಯುವ ಹುಳು ಅದನ್ನು ಹರಡಿತು. ಬ್ರಿಟನ್ನಿನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಎಲ್ಮ್ ಮರ ಸತ್ತವು. ಆಮೇಲೆ ಹುಟ್ಟಿದ ಮಕ್ಕಳಿಗೆ ಆ ಸಾಲು ಹೇಗಿತ್ತೆಂದು ತೋರಿಸಲು ಉಳಿದದ್ದು ಫೋಟೋ, ಚಿತ್ರ, ಹಿಂದಿನವರು ನೋಡಿ ಬರೆದಿಟ್ಟದ್ದು. ನೋಡಿದವರು ಇಲ್ಲದಿದ್ದರೆ ಅದೂ ಇಲ್ಲ.

ನಮ್ಮ ಬೀದಿಯಲ್ಲಿ ನೋಡಿದವರು ಇನ್ನೂ ಇದ್ದರು. ನಮ್ಮ ಪುಣ್ಯ ಅಷ್ಟೇ.

ಹೂವಮ್ಮ ಬಂದಳು

ದಸರಾದ ಒಂದು ಸಂಜೆ ಸಾಕ್ಷಿಗಳೆಲ್ಲ ಬೊಂಬೆ ನೋಡಲು ಬಂದರು. ಡ್ರೈವರು ಚಿಕ್ಕ ಬಸ್ಸನ್ನು ಕೊಂಬೆ ಕೆಳಗೆ ತಳ್ಳಿ ನೋಡಿದರು. ಟಾಪಿಗೆ ಎಲೆ ಸವರಿತು. ಸೈಕಲ್ ಶಾಪಿನವರು ಬೊಡ್ಡೆಯನ್ನೇ ನೋಡುತ್ತಿದ್ದರು, ಮೊಳೆ ಹುಡುಕುತ್ತಿದ್ದರೋ ಏನೋ. ಹೂವಮ್ಮ ಮಾತ್ರ ಚರಂಬು ಕೊಟ್ಟರೂ ತಿನ್ನದೆ ಬಗ್ಗಿ ನೋಡಿದಳು. "ಎಲ್ಲ ಸರಿ ಐತೆ ಯಜಮಾನ್ರೇ. ಸಾಯಂಕಾಲ ಎಲೆ ಮುಚ್ಕೋತಿತ್ತಲ್ಲ, ಅದೊಂದು ಬರಲಿಲ್ಲ."

ಹೌದು, ಮಳೆಮರ ಸಂಜೆಗೆ ಎಲೆ ಮಡಿಚಿಕೊಳ್ಳುತ್ತದೆ. ಮೋಡ ಕವಿದರೂ ಮಡಿಚಿಕೊಳ್ಳುತ್ತದೆ. ತಂತಿಗೂ ಫೋಮಿಗೂ ಅದು ಬಾರದು. ಯಜಮಾನರು ತಲೆ ಆಡಿಸಿ ಸುಮ್ಮನಾದರು. ಮೊಮ್ಮಗಳು ಮರುದಿನ ಹೂವಮ್ಮನಿಗೊಂದು ಬುಟ್ಟಿ ಮಾಡಿ ಬುಡದಲ್ಲಿಟ್ಟಳು, ಕಾಳುಮೆಣಸಿನ ಗಾತ್ರದ್ದು.

ಸ್ಟಾಪಿನ ಎದುರು ಒಂದು ಹೊಂಗೆ ಮರ ಉಳಿದಿದೆ. ಹೋದ ಭಾನುವಾರ ನಾನೂ ಆ ಹುಡುಗಿಯೂ ಅದನ್ನು ಅಳೆದೆವು. ಸುಲಭ. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯಿರಿ, ಆಗಲೇ ಮರದ ನೆರಳನ್ನೂ ಬುಡದಿಂದ ನೆತ್ತಿಯ ತುದಿಯವರೆಗೆ ಅಳೆಯಿರಿ, ಭಾಗಿಸಿ. ಕೋಲಿನದು ಒಂದೂವರೆ ಮೀಟರ್, ಹೊಂಗೆಯದು ಹದಿಮೂರೂವರೆ. ಮರ ಒಂಬತ್ತು ಮೀಟರ್. ಮೊದಲನೇ ಕೊಂಬೆ ಹೋಟೆಲಿನ ಕಡೆಗೆ. ಬರೆದಿಟ್ಟಿದ್ದೇವೆ.

ನಿಮ್ಮ ಸ್ಟಾಪಿನಲ್ಲೂ ಒಂದು ಮರ ಇರಬಹುದು. ಬಸ್ಸು ಹೇಗೂ ತಡ. ತಲೆ ಎತ್ತಿ ಒಂದು ಸಲ ನೋಡಿ, ಮೊದಲನೇ ಕೊಂಬೆ ಯಾವ ಕಡೆಗಿದೆ?