ಕೆಂಪು ಕಾರ್ಡು ಯಾವಾಗ?

1982ರ ಜುಲೈ 8. ಸ್ಪೇನಿನ ಸೆವಿಲ್ ನಗರದಲ್ಲಿ ವಿಶ್ವಕಪ್ ಫುಟ್‌ಬಾಲಿನ ಸೆಮಿಫೈನಲ್. ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ತಲಾ ಒಂದು ಗೋಲು ಹೊಡೆದಿದ್ದವು. ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಬದಲಿ ಆಟಗಾರನಾಗಿ ಇಳಿದಿದ್ದ ಫ್ರಾನ್ಸಿನ ಪ್ಯಾಟ್ರಿಕ್ ಬ್ಯಾಟಿಸ್ಟನ್, ಪ್ಲಾಟಿನಿ ಕೊಟ್ಟ ಚೆಂಡನ್ನು ಬೆನ್ನಟ್ಟಿ ಓಡಿದರು. ಎದುರಿಗಿದ್ದವರು ಗೋಲ್‌ಕೀಪರ್ ಹೆರಾಲ್ಡ್ ಶುಮಾಕರ್ ಒಬ್ಬರೇ. ಬ್ಯಾಟಿಸ್ಟನ್ ಒದ್ದ ಚೆಂಡು ಗೋಲುಕಂಬದ ಪಕ್ಕದಿಂದ ಹೊರಗೆ ಹೋಯಿತು. ಆದರೆ ಹಾರಿ ಬಂದ ಶುಮಾಕರ್ ಅವರ ಸೊಂಟ ಬ್ಯಾಟಿಸ್ಟನ್ ಮುಖಕ್ಕೆ ಅಪ್ಪಳಿಸಿತು. ಹಲ್ಲುಗಳು ಉದುರಿದವು, ಬೆನ್ನುಮೂಳೆಗೆ ಪೆಟ್ಟಾಯಿತು. ಪ್ರಜ್ಞೆ ತಪ್ಪಿ ಬಿದ್ದ ಗೆಳೆಯ ಸತ್ತೇ ಹೋದನೆಂದು ಪ್ಲಾಟಿನಿ ಭಾವಿಸಿದ್ದರಂತೆ.

ರೆಫರಿ ಕೊಟ್ಟದ್ದೇನು? ಗೋಲ್ ಕಿಕ್! ಕಾರ್ಡು ಹೋಗಲಿ, ಫೌಲ್ ಕೂಡ ಇಲ್ಲ. ತಮ್ಮ ಕಣ್ಣು ಚೆಂಡಿನ ಹಿಂದೆ ಹೋಗಿತ್ತು ಎಂದು ರೆಫರಿ ಚಾರ್ಲ್ಸ್ ಕಾರ್ವರ್ ಆಮೇಲೆ ಹೇಳಿದರು. ಪಂದ್ಯ 3–3ರಲ್ಲಿ ಮುಗಿದು ಪೆನಾಲ್ಟಿ ಒದೆತಕ್ಕೆ ಹೋಯಿತು. ಮೈದಾನದಲ್ಲೇ ಇರಬಾರದಿದ್ದ ಶುಮಾಕರ್ ಅಲ್ಲಿ ಎರಡು ಒದೆತಗಳನ್ನು ತಡೆದರು. ಜರ್ಮನಿ ಫೈನಲ್ ತಲುಪಿತು.

ಹಾಗಾದರೆ ರೆಫರಿ ಆಟಗಾರನನ್ನು ಹೊರಗೆ ಕಳಿಸಬೇಕಾದದ್ದು ಯಾವಾಗ? ಹಳೆಯ ನಿಯಮದಲ್ಲಿ ‘ಉದ್ದೇಶಪೂರ್ವಕ’ ಎಂಬ ಮಾತಿತ್ತು. ಒಬ್ಬನ ಮನಸ್ಸಿನೊಳಗೆ ಏನಿತ್ತೆಂದು ಓಡುತ್ತಿರುವ ರೆಫರಿಗೆ ತಿಳಿಯುವುದಾದರೂ ಹೇಗೆ? ಒದೆಯುವುದು, ತಳ್ಳುವುದು, ಕಾಲು ಕೊಟ್ಟು ಬೀಳಿಸುವುದು ಮುಂತಾದ ಫೌಲುಗಳ ಮಟ್ಟಿಗೆ 1990ರ ದಶಕದಲ್ಲಿ ಆ ಮಾತನ್ನು ಕೈಬಿಡಲಾಯಿತು. ಈಗ ನೋಡುವುದು ಮನಸ್ಸನ್ನಲ್ಲ, ಕಾಲನ್ನು. ಅಜಾಗರೂಕತೆಯಿಂದ ಆದದ್ದಾದರೆ ಫ್ರೀ ಕಿಕ್ ಸಾಕು. ಎದುರಾಳಿಗೆ ಏನಾದೀತೆಂಬ ಪರಿವೆಯೇ ಇಲ್ಲದೆ ನುಗ್ಗಿದರೆ ಹಳದಿ ಕಾರ್ಡು. ಅತಿಯಾದ ಬಲ ಬಳಸಿದರೆ, ಅಥವಾ ಎದುರಾಳಿಯ ಸುರಕ್ಷತೆಗೇ ಕುತ್ತು ತಂದರೆ ಕೆಂಪು.

“ಅವನು ಚೆಂಡಿಗೇ ಒದ್ದದ್ದು ಸಾರ್!” ಎಂಬ ಕೂಗು ಶಾಲಾ ಪಂದ್ಯಗಳಲ್ಲಿ ಗೆರೆಯಾಚೆ ನಿಂತ ಅಪ್ಪಂದಿರಿಂದಲೇ ಹೆಚ್ಚು ಕೇಳಿಬರುತ್ತದೆ. ಅದು ರಕ್ಷಣೆಯಲ್ಲ. ಚೆಂಡು ಮೊದಲು ಸಿಕ್ಕರೂ, ಬೂಟಿನ ತಳ ಮುಂದೆ ಮಾಡಿ ವೇಗವಾಗಿ ಎಗರಿ ಎದುರಾಳಿಯ ಮೊಣಕಾಲಿಗೆ ಅಪಾಯ ತಂದವನು ಹೊರಗೆ ನಡೆಯಬೇಕು. ಪೆಟ್ಟಾಗಲೇಬೇಕೆಂದೂ ಇಲ್ಲ. ಎದುರಾಳಿ ಅದೃಷ್ಟವಶಾತ್ ಎದ್ದು ಓಡಿದರೂ ತಪ್ಪು ತಪ್ಪೇ. ಅದೇ ರೀತಿ, ಕಾಲು ಮುರಿದ ಮಾತ್ರಕ್ಕೆ ಕೆಂಪು ಕಾರ್ಡು ಬರಬೇಕಾಗಿಲ್ಲ. ಸಾಧಾರಣ ಡಿಕ್ಕಿಯಲ್ಲೂ ಮೂಳೆ ಮುರಿಯಬಹುದು.

ಕಾರ್ಡುಗಳೇ ಬಂದದ್ದು ಒಂದು ಜಗಳದಿಂದ. 1966ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಅರ್ಜೆಂಟೀನಾ ನಾಯಕ ರಾಟಿನ್ ಅವರನ್ನು ಜರ್ಮನ್ ರೆಫರಿ ಹೊರಹಾಕಿದಾಗ, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಆಟ ನಿಂತೇ ಹೋಯಿತು. ರೆಫರಿಗಳ ಉಸ್ತುವಾರಿ ಹೊತ್ತಿದ್ದ ಕೆನ್ ಆಸ್ಟನ್ ಅವರಿಗೆ ಕಾರಿನಲ್ಲಿ ಮನೆಗೆ ಹೋಗುವಾಗ ಸಂಚಾರ ದೀಪ ಕಂಡು ಹಳದಿ–ಕೆಂಪಿನ ಉಪಾಯ ಹೊಳೆಯಿತು. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಕಾರ್ಡುಗಳು ಬಂದವು. ಅಲ್ಲಿ ಒಂದೂ ಕೆಂಪು ಹೊರಬರಲಿಲ್ಲ ಎಂಬುದು ತಮಾಷೆ.

ಗೋಲಿನ ಸ್ಪಷ್ಟ ಅವಕಾಶವನ್ನು ಫೌಲ್ ಮಾಡಿ ಕಿತ್ತುಕೊಂಡವನಿಗೂ ಕೆಂಪು ಉಂಟು. ಆದರೆ 2016ರಿಂದ ಒಂದು ರಿಯಾಯಿತಿ: ಪೆನಾಲ್ಟಿ ಆವರಣದೊಳಗೆ ಚೆಂಡಿಗಾಗಿ ಪ್ರಾಮಾಣಿಕವಾಗಿ ಯತ್ನಿಸಿ ಎಡವಿದವನಿಗೆ ಹಳದಿ ಮಾತ್ರ, ಪೆನಾಲ್ಟಿ ಹೇಗೂ ಇದೆಯಲ್ಲ. ಅಂಗಿ ಹಿಡಿದೆಳೆದವನಿಗೆ ಈ ಕರುಣೆ ಇಲ್ಲ.

ನಿಯಮ ಇಷ್ಟು ಸ್ಪಷ್ಟವಿದ್ದೂ ತಪ್ಪುಗಳು ನಿಂತಿಲ್ಲ. 2010ರ ವಿಶ್ವಕಪ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ನೈಜೆಲ್ ಡಿ ಯಾಂಗ್, ಸ್ಪೇನಿನ ಚಾಬಿ ಅಲೊನ್ಸೊ ಅವರ ಎದೆಗೇ ಒದ್ದರು. ಅನುಭವಿ ರೆಫರಿ ಹೊವರ್ಡ್ ವೆಬ್ ತೋರಿಸಿದ್ದು ಹಳದಿ. ನಡುವೆ ಬೇರೆ ಆಟಗಾರ ಅಡ್ಡ ಬಂದಿದ್ದರಿಂದ ಸರಿಯಾಗಿ ಕಾಣಲಿಲ್ಲ, ಅದು ಕೆಂಪೇ ಆಗಬೇಕಿತ್ತು ಎಂದು ಅವರೇ ನಂತರ ಒಪ್ಪಿಕೊಂಡರು. 2018ರ ವಿಶ್ವಕಪ್ಪಿನಿಂದ ಇಂಥದನ್ನು ಟಿ.ವಿ. ಪರದೆಯಲ್ಲಿ ಮತ್ತೆ ನೋಡಿ ತಿದ್ದಬಹುದಾಗಿದೆ. ಶಾಲೆಯ ಮೈದಾನದಲ್ಲಿ ಪರದೆ ಇಲ್ಲ. ಅಲ್ಲಿನ ರೆಫರಿಗೆ ಇರುವುದು ಒಂದು ಸೀಟಿ, ಎರಡು ಕಣ್ಣು ಮತ್ತು ಆಟದ ಬೆನ್ನಿಗೇ ಓಡಬಲ್ಲ ಕಾಲುಗಳು.