ಬೆಟ್ಟಗಳ ನಡುವಣ ದ್ವೀಪ: ಹೊಂಗಡಹಳ್ಳದ ಬಾಳುವೆಯ ಲೆಕ್ಕ

ಒಂದು ಪ್ರದೇಶದ ಅಭಿವೃದ್ಧಿಯನ್ನು ಅಲ್ಲಿ ಹರಿದಾಡುವ ಹಣದಿಂದ ಅಳೆಯುವುದು ಲೋಕರೂಢಿಯಾಗಿದೆ. ಆದರೆ ಆ ಹಣವು ದುಡಿಮೆಯ ಫಲವೋ, ಪೂರ್ವಾರ್ಜಿತವನ್ನು ಮಾರಿ ಬಂದದ್ದೋ ಎಂಬುದನ್ನು ವಿಚಾರಿಸುವವರು ವಿರಳ. ಮೊದಲನೆಯದು ಬಡ್ಡಿಯಿಂದ ನಡೆಯುವ ಸಂಸಾರ. ಎರಡನೆಯದು ಅಸಲನ್ನೇ ತಿನ್ನುವ ಸಂಸಾರ. ಈ ಭೇದವು ವಿಶಾಲವಾದ ದೇಶಗಳಲ್ಲಿ ಬಹುಕಾಲ ಮರೆಯಾಗಿಯೇ ಉಳಿಯಬಲ್ಲುದು. ಚಿಕ್ಕ ದ್ವೀಪಗಳಲ್ಲಾದರೋ ಒಂದೆರಡು ತಲೆಮಾರುಗಳೊಳಗೆ ಎಲ್ಲರ ಕಣ್ಣಿಗೂ ಕಾಣಿಸುತ್ತದೆ.

ದ್ವೀಪವೊಂದರ ಪಾಠ

ಪೆಸಿಫಿಕ್ ಮಹಾಸಾಗರದ ನೌರು ದ್ವೀಪದ ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರು ಮಾತ್ರ. ಅಲ್ಲಿನ ನೆಲದಲ್ಲಿ ಉತ್ಕೃಷ್ಟವಾದ ಫಾಸ್ಫೇಟ್ ಇತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೊರಗಿನವರು ಅದನ್ನು ಅಗೆಯಲಾರಂಭಿಸಿದರು. 1968ರಲ್ಲಿ ಸ್ವತಂತ್ರವಾದ ಬಳಿಕ ದ್ವೀಪದವರೂ ಅದೇ ಕಾರ್ಯವನ್ನು ಮುಂದುವರಿಸಿದರು. 1970ರ ದಶಕದಲ್ಲಿ ತಲಾ ಆದಾಯದ ದೃಷ್ಟಿಯಿಂದ ನೌರು ಲೋಕದ ಅತಿ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. ಶತಮಾನ ಮುಗಿಯುವ ವೇಳೆಗೆ ಖನಿಜವು ಬಹುಮಟ್ಟಿಗೆ ತೀರಿತು. ಕೂಡಿಟ್ಟ ನಿಧಿಯೂ ಕರಗಿತು. ದ್ವೀಪದ ನಡುಭಾಗವು ಉತ್ತು ಬಿತ್ತಲು ಬಾರದ ಕಲ್ಲುಮೊನೆಗಳ ಬಯಲಾಗಿ ಉಳಿಯಿತು. ಇಂಥ ರಾಷ್ಟ್ರಗಳ ಕಷ್ಟವನ್ನು ಪರ್ಯಾಲೋಚಿಸಲು 1994ರಲ್ಲಿ ಬಾರ್ಬಡೋಸ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನವೇ ನೆರೆಯಿತು.

ನೌರುವಿಗೂ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳಕ್ಕೂ ಏನು ಸಂಬಂಧವೆಂದು ಕೇಳಬಹುದು. ಹೊಂಗಡಹಳ್ಳವನ್ನು ಕಡಲು ಸುತ್ತುವರಿದಿಲ್ಲ ನಿಜ. ಆದರೆ ಅಲ್ಲಿನ ಜೀವನಾಧಾರವಾದ ಮೇಲ್ಮಣ್ಣು, ನೆರಳು, ತೊರೆ ಇವು ಮೂರೂ ಆ ಬೆಟ್ಟಗಳ ಮಿತಿಯೊಳಗೇ ಹುಟ್ಟಿದವು. ಅಂಗಡಿಯ ಸಾಮಾನನ್ನು ಲಾರಿಯಲ್ಲಿ ತರಿಸಬಹುದು. ಇಳಿಜಾರಿನಿಂದ ಕೊಚ್ಚಿಹೋದ ಮಣ್ಣನ್ನು ತರಿಸಲಾಗದು. ಈ ಅರ್ಥದಲ್ಲಿ ಘಟ್ಟದಂಚಿನ ಪ್ರತಿಯೊಂದು ಗ್ರಾಮವೂ ಒಂದು ದ್ವೀಪವೇ ಸರಿ.

ನೀರು ಕವಲೊಡೆಯುವ ನಾಡು

ಹೊಂಗಡಹಳ್ಳವು ಸಹ್ಯಾದ್ರಿಯ ನೆತ್ತಿಯಲ್ಲಿ, ಬಿಸಲೆ ಕಾಡಿನ ಸಮೀಪದಲ್ಲಿದೆ. ಈ ಸೀಮೆಯಲ್ಲಿ ಬಿದ್ದ ಮಳೆಯಲ್ಲಿ ಏಣಿನ ಪೂರ್ವಕ್ಕೆ ಸರಿದ ನೀರು ಹೇಮಾವತಿಯ ಮೂಲಕ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಗುಂಡ್ಯ ಹೊಳೆ, ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಶಿಖರಗಳ ಹುಲ್ಲುಗಾವಲು ಮತ್ತು ಕಣಿವೆಗಳ ಶೋಲಾ ಕಾಡುಗಳು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತವೆ. ಇಲ್ಲಿಂದ ಮೂಡಣಕ್ಕೆ, ಆಲೂರಿನ ಕಡೆಗೆ ಸಾಗಿದಂತೆ ಮಳೆ ತೀವ್ರವಾಗಿ ಕಡಿಮೆಯಾಗುತ್ತದೆ. ಆದುದರಿಂದ ಈ ನೆತ್ತಿಯ ಕಾಡು ಎರಡು ದಿಕ್ಕಿನ ಬಯಲುಗಳಿಗೂ ನೀರಿನ ಕಣಜವಾಗಿದೆ.

ಅಂತಸ್ತುಗಳ ತೋಟ

ಈ ನೆಲದಲ್ಲಿ ರೂಢಿಗೆ ಬಂದ ಬೇಸಾಯದ ಕ್ರಮವು ಗಮನಾರ್ಹವಾದುದು. ಮೇಲೆ ಹಲಸು, ಅತ್ತಿ, ನಂದಿ ಮೊದಲಾದ ಎತ್ತರದ ಮರಗಳು, ಅವುಗಳ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ, ಹೆಚ್ಚು ತಂಪಿರುವ ಕಣಿವೆಯಲ್ಲಿ ಏಲಕ್ಕಿ, ತಗ್ಗಿನಲ್ಲಿ ಭತ್ತದ ಗದ್ದೆ. ಜುಲೈ ಆಸುಪಾಸಿನಲ್ಲಿ ನಾಟಿ, ಮಳೆಗಾಲದ ನಡುವಿನಿಂದ ಹಲವು ಸುತ್ತುಗಳಲ್ಲಿ ಏಲಕ್ಕಿ ಕೊಯ್ಲು, ನವೆಂಬರಿನಿಂದ ಅರೇಬಿಕಾ, ಹೊಸ ವರ್ಷದಲ್ಲಿ ರೋಬಸ್ಟಾ, ಆ ಬಳಿಕ ಮೆಣಸು: ಹೀಗೆ ದುಡಿಮೆಯೂ ವರಮಾನವೂ ವರ್ಷದುದ್ದಕ್ಕೂ ಹಂಚಿಹೋಗುತ್ತವೆ.

ಇದು ಕೇವಲ ಸೌಕರ್ಯದ ಮಾತಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಪಾಲು ಹಂಚಿಕೆ ನಿಂತಾಗ ಜಗತ್ತಿನ ಬೆಲೆ ಕುಸಿಯಿತು. 1996ರ ವೇಳೆಗೆ ನಮ್ಮ ದೇಶದಲ್ಲಿಯೂ ಕಾಫಿ ಮಂಡಳಿಯ ಕಡ್ಡಾಯ ಖರೀದಿ ಕೊನೆಗೊಂಡು ಬೆಳೆಗಾರನು ನೇರವಾಗಿ ಮಾರುಕಟ್ಟೆಗೆ ಇಳಿದನು. 2001-02ರ ಸುಮಾರಿಗೆ ಬೆಲೆ ಮತ್ತೆ ಪಾತಾಳಕ್ಕಿಳಿಯಿತು. ಇಂಥ ಕಾಲದಲ್ಲಿ ಒಂದೇ ಬೆಳೆಯನ್ನು ನಂಬಿದವನಿಗಿಂತ, ಕಾಫಿಯ ಜೊತೆಗೆ ಮೆಣಸನ್ನೂ ಏಲಕ್ಕಿಯನ್ನೂ ಕಾಪಾಡಿಕೊಂಡವನಿಗೆ ಆಸರೆ ಹೆಚ್ಚು. ಏಲಕ್ಕಿಗೂ ಕಟ್ಟೆ ರೋಗದ ಕಾಟವುಂಟು. ಹೇನುಗಳಿಂದ ಹರಡುವ ಆ ರೋಗ ತಗುಲಿದ ಗಿಡವನ್ನು ಕಿತ್ತೆಸೆಯುವುದೇ ಮುಖ್ಯ ಉಪಾಯ. ಒಂದು ಬೆಳೆ ಸೋತಾಗ ಮತ್ತೊಂದು ಕೈಹಿಡಿಯುವ ಏರ್ಪಾಡೇ ಈ ತೋಟಗಳ ಬಲ.

ಮರದ ಬೆಲೆಯನ್ನು ಕಂಡು ನೆರಳನ್ನು ಕಡಿದರೆ ಒಮ್ಮೆ ಹಣ ಬರುತ್ತದೆ. ಆದರೆ ಬಿಸಿಲು ಬಿದ್ದ ಅರೇಬಿಕಾ ಗಿಡದ ಕಾಂಡವನ್ನೇ ಬಿಳಿ ಕಾಂಡಕೊರಕವು ಹುಡುಕಿ ಬಂದು ಮೊಟ್ಟೆಯಿಡುತ್ತದೆ. ಎಲೆಯ ಹೊದಿಕೆಯಿಲ್ಲದ ಮಣ್ಣು ಮೊದಲ ಮಳೆಗೇ ಸವೆಯತೊಡಗುತ್ತದೆ. ಬೇಗ ಬೆಳೆಯುವ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದದ್ದು. ಮೆಣಸಿಗೆ ಅದು ಆಸರೆಯಾಗಬಲ್ಲುದಾದರೂ, ಹಲವು ಜಾತಿಯ ನಾಡುಮರಗಳ ನೆರಳಿಗೂ ತರಗೆಲೆಗೂ ಹಕ್ಕಿಗಳ ಆಶ್ರಯಕ್ಕೂ ಅದೊಂದೇ ಬದಲಿಯಾಗಲಾರದು.

ಅಸಲಿಗೆ ಕೈಯಿಟ್ಟಾಗ

ಈ ತೊರೆಗಳ ಮೇಲೆ ಹೊರಗಿನವರ ದೃಷ್ಟಿ ಬಿದ್ದುದು ಸಹಜವೇ. ಎತ್ತಿನಹೊಳೆ, ಕೇರಿಹೊಳೆ, ಬೆಟ್ಟಕುಮರಿಗಳೊಡನೆ ಹೊಂಗಡಹಳ್ಳದ ನೀರನ್ನೂ ಬಳಸಿ ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮವು ರೂಪಿಸಿತು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯು 2011ರ ವರದಿಯಲ್ಲಿ ಇದಕ್ಕೆ ಅನುಮತಿ ಕೊಡಬಾರದೆಂದು ಶಿಫಾರಸು ಮಾಡಿತು. ಮರುವರ್ಷ ಸನಿಹದ ಪುಷ್ಪಗಿರಿ ವನ್ಯಧಾಮವೂ ಸೇರಿದಂತೆ ಪಶ್ಚಿಮ ಘಟ್ಟದ 39 ತಾಣಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಯಲುಸೀಮೆಯ ಬಾಯಾರಿಕೆಯನ್ನು ನೀಗಿಸಲು ಸುಮಾರು 24 ಟಿ.ಎಂ.ಸಿ. ನೀರನ್ನು ಪೂರ್ವಕ್ಕೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಗೊಂಡಿತು. ಬಯಲಿನವರ ನೀರಡಿಕೆ ಸುಳ್ಳಲ್ಲ. ಆದರೆ ಕೊಡುವ ಬೆಟ್ಟವು ಬರಿದಾಗದಿದ್ದರಷ್ಟೇ ಪಡೆಯುವ ಬಯಲೂ ತಣಿದೀತು. 2018ರ ಆಗಸ್ಟ್‌ನ ಮಳೆಯಲ್ಲಿ ಶಿರಾಡಿ ಘಾಟಿಯಲ್ಲಿಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದಲ್ಲಿಯೂ ಗುಡ್ಡಗಳು ಜರಿದುದು, ಈ ಇಳಿಜಾರುಗಳು ಹೊರುವ ಭಾರಕ್ಕೆ ಮಿತಿಯುಂಟೆಂಬುದನ್ನು ತೋರಿಸಿತು.

ರಕ್ಷಣೆಯ ಭಾರವನ್ನೆಲ್ಲ ಸ್ಥಳೀಯರ ತಲೆಯ ಮೇಲೆಯೇ ಹೇರುವುದೂ ನ್ಯಾಯವಲ್ಲ. 2014ರಿಂದ ಹಲವು ಬಾರಿ ಹೊರಬಿದ್ದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು ಮಲೆನಾಡಿನ ರೈತರಲ್ಲಿ ಆತಂಕವನ್ನುಂಟುಮಾಡಿದವು. ಕಾಡಾನೆಗಳ ದಾಳಿಯಿಂದ ಬೆಳೆಯಷ್ಟೇ ಅಲ್ಲ, ಪ್ರಾಣವೂ ಹೋಗುತ್ತಿದೆ. ಆಳಿನ ಅಭಾವ, ಆನೆಯ ಭಯ, ಕಡಿಮೆ ಲಾಭ ಇವು ಕೂಡಿ ಅನೇಕ ಗದ್ದೆಗಳು ಪಾಳುಬಿದ್ದಿವೆ. ನಿಂತ ನೀರನ್ನು ನೆಲಕ್ಕಿಳಿಸುತ್ತಿದ್ದ ಗದ್ದೆ ಹಾಳಾದರೆ ಕೆಳಗಿನ ಬಾವಿಗೂ ಅದು ನಷ್ಟವೇ.

ಮುಂದಿನ ದಾರಿ

ಕಾಡು, ನೀರುಗಳನ್ನು ಕಾಯುವವರಿಗೆ ಅದರ ಫಲವನ್ನುಣ್ಣುವವರು ಪಾಲು ಕೊಡುವುದು ಮೊದಲ ಹೆಜ್ಜೆ. ಬೆಳೆಹಾನಿಯ ಪರಿಹಾರ ಸಕಾಲದಲ್ಲಿ ಕೈಸೇರಬೇಕು. ಗದ್ದೆಯನ್ನು ಉಳಿಸಿಕೊಂಡವನಿಗೆ ಪ್ರೋತ್ಸಾಹಧನ ದೊರೆಯಬೇಕು. ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಕಡಿಮೆಯವಾದುದರಿಂದ ಸಣ್ಣ ಬೆಳೆಗಾರರು ಒಟ್ಟುಗೂಡಿ ಸಂಸ್ಕರಣೆ, ಮಾರಾಟಗಳನ್ನು ನಡೆಸಿದರೆ ದಲ್ಲಾಳಿಯ ಪಾಲಾಗುವ ಲಾಭದ ಒಂದಂಶ ಊರಿನಲ್ಲಿಯೇ ಉಳಿದೀತು. ಪ್ರವಾಸಿಗಳನ್ನು ಊರು ತಾಳುವಷ್ಟೇ ಬರಮಾಡಿಕೊಳ್ಳಬೇಕು. ಶಾಲೆಗಳ ಪಾತ್ರವೂ ಕಡಿಮೆಯದಲ್ಲ: ತಮ್ಮೂರಿನ ಮರ, ತೊರೆ, ಗದ್ದೆಗಳ ಪಟ್ಟಿಯನ್ನು ವಿದ್ಯಾರ್ಥಿಗಳು ಪ್ರತಿವರ್ಷ ಸಿದ್ಧಪಡಿಸಿದರೆ, ಅಸಲು ಎಷ್ಟಿದೆ, ಎಷ್ಟು ಸವೆದಿದೆ ಎಂಬ ಲೆಕ್ಕ ಊರಿನವರ ಕೈಯಲ್ಲಿಯೇ ಇರುತ್ತದೆ.

ನೌರುವಿನ ಜನರು ಲೆಕ್ಕ ನೋಡುವ ಹೊತ್ತಿಗೆ ಅಸಲು ಮುಗಿದಿತ್ತು. ಹೊಂಗಡಹಳ್ಳದ ಬೆಟ್ಟಗಳಲ್ಲಿ ಅದು ಇನ್ನೂ ಉಳಿದಿದೆ. ಬಡ್ಡಿಯಷ್ಟನ್ನೇ ಉಂಡು ಅಸಲನ್ನು ಮಕ್ಕಳ ಕೈಗೊಪ್ಪಿಸುವ ಅವಕಾಶವು ಈ ತಲೆಮಾರಿನವರಿಗೆ ಇನ್ನೂ ತಪ್ಪಿಹೋಗಿಲ್ಲ.